ಎತ್ತರವೇ ಪಂಚಾಂಗ: ಹಿಮಾಚಲದ ಬೆಟ್ಟಗಳಲ್ಲಿ ಸೇಬಿನ ಕೊಯ್ಲು

ಹಿಮಾಚಲ ಪ್ರದೇಶದ ಶಿಮ್ಲಾ, ಕುಲ್ಲು, ಮಂಡಿ, ಚಂಬಾ ಮತ್ತು ಕಿನ್ನೌರ್ ಜಿಲ್ಲೆಗಳ ಬೆಟ್ಟದಿಳಿಜಾರುಗಳಲ್ಲಿ ಸೇಬಿನ ಕೊಯ್ಲು ಜೂನ್ ಕೊನೆಗೆ ಆರಂಭವಾಗಿ ಅಕ್ಟೋಬರ್ ಮುಗಿಯುವವರೆಗೂ, ಅತಿ ಎತ್ತರದ ಕೆಲವು ಕಣಿವೆಗಳಲ್ಲಿ ನವೆಂಬರ್‌ವರೆಗೂ ನಡೆಯುತ್ತದೆ. ಬಯಲುಸೀಮೆಯ ರಾಗಿ, ಜೋಳಗಳು ಒಂದು ಪ್ರದೇಶದಲ್ಲಿ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಕಟಾವಿಗೆ ಬರುತ್ತವೆ. ಸೇಬಿನ ರೀತಿಯೇ ಬೇರೆ. ಬೆಟ್ಟದ ಬುಡದ ತೋಟದಲ್ಲಿ ಹಣ್ಣು ಬಿಡಿಸಿ ಪೆಟ್ಟಿಗೆ ತುಂಬುತ್ತಿರುವಾಗ ಅದೇ ಬೆಟ್ಟದ ನೆತ್ತಿಯ ತೋಟದಲ್ಲಿ ಅದೇ ತಳಿಯ ಕಾಯಿ ಇನ್ನೂ ಹಸಿರಾಗಿ, ಗಟ್ಟಿಯಾಗಿ, ಪಿಷ್ಟ ತುಂಬಿಕೊಂಡಿರುತ್ತದೆ. ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದ ತೋಟಗಳಲ್ಲಿ ಬೇಗ ಮಾಗುವ ತಳಿಗಳು ಜೂನ್ ಕೊನೆಗೋ ಜುಲೈಗೋ ಸಿದ್ಧವಾಗುತ್ತವೆ. 2,000 ಮೀಟರಿನ ಆಸುಪಾಸಿನ ನಡುಪಟ್ಟಿಗೆ ಆಗಸ್ಟ್ ಮತ್ತು ಸೆಪ್ಟೆಂಬರ್ ಕೊಯ್ಲಿನ ಭರಾಟೆಯ ಕಾಲ. 2,500 ಮೀಟರಿಗಿಂತ ಮೇಲಿರುವ ಕಿನ್ನೌರಿನ ತೋಟಗಳಲ್ಲಿ ಕೆಲಸ ಬಿರುಸಾಗುವ ಹೊತ್ತಿಗೆ ಕೆಳಗಿನ ಪಟ್ಟಿಯ ಬೆಳೆಗಾರರು ಆ ವರ್ಷದ ಲೆಕ್ಕ ಮುಗಿಸಿರುತ್ತಾರೆ.

ಆದ್ದರಿಂದ ಈ ಸೀಮೆಯಲ್ಲಿ ಎತ್ತರವೇ ಬೆಳೆಗಾರನ ಪಂಚಾಂಗ. ಮರಕ್ಕೆ ಬೇಕಾದ ಚಳಿಯನ್ನೂ ಹಣ್ಣಿಗೆ ಬೇಕಾದ ಬಣ್ಣವನ್ನೂ ಕೊಡುವುದು ಎತ್ತರ. ಬಿಡಿಸಿದ ಹಣ್ಣನ್ನು ರಸ್ತೆಗೂ ರಸ್ತೆಯಿಂದ ಮಾರುಕಟ್ಟೆಗೂ ಸಾಗಿಸುವ ಕೆಲಸವನ್ನು ದುಬಾರಿಯನ್ನಾಗಿಯೂ ಅಪಾಯದ್ದನ್ನಾಗಿಯೂ ಮಾಡುವುದು ಅದೇ ಎತ್ತರ. ದೇಶದಲ್ಲಿ ಬೆಳೆಯುವ ಸೇಬಿನಲ್ಲಿ ಬಹುದೊಡ್ಡ ಪಾಲು ಜಮ್ಮು-ಕಾಶ್ಮೀರದ್ದಾದರೂ, ಎರಡನೆಯ ಸ್ಥಾನದಲ್ಲಿರುವ ಹಿಮಾಚಲದಲ್ಲಿ ಈ ಬೆಳೆ ಸಣ್ಣ ಹಿಡುವಳಿದಾರರ ಬದುಕನ್ನೇ ಬದಲಿಸಿತು. ಅಲ್ಲಿ 1950-51ರಲ್ಲಿ ಸುಮಾರು 400 ಹೆಕ್ಟೇರಿನಷ್ಟಿದ್ದ ಸೇಬಿನ ವಿಸ್ತೀರ್ಣ 1960-61ರ ಹೊತ್ತಿಗೆ 3,000 ಹೆಕ್ಟೇರಿಗೆ ಏರಿ, ಈಗ 1.15 ಲಕ್ಷ ಹೆಕ್ಟೇರನ್ನು ದಾಟಿದೆ. ವರ್ಷದ ದುಡಿಮೆಯ ಫಲವೆಲ್ಲ ಕೆಲವೇ ವಾರಗಳಲ್ಲಿ ಕೈಗೆ ಬರಬೇಕಾದ ಈ ಕೊಯ್ಲು ಹೇಗೆ ನಡೆಯುತ್ತದೆ, ಯಾವುದನ್ನು ನೆಚ್ಚಿಕೊಂಡಿದೆ ಎಂಬುದನ್ನು ತಿಳಿಯಬೇಕಾದರೆ ಅದರ ಹಿಂದಿನ ಚಳಿಗಾಲದಿಂದಲೇ ಆರಂಭಿಸಬೇಕಾಗುತ್ತದೆ.

ಚಳಿಯ ಲೆಕ್ಕ

ಸೇಬಿನ ಮರ ಚಳಿಗಾಲದಲ್ಲಿ ಎಲೆ ಕಳಚಿ ಸುಪ್ತಾವಸ್ಥೆಗೆ, ಅಂದರೆ ಬೆಳವಣಿಗೆಯನ್ನು ತಾನೇ ತಡೆದು ನಿಲ್ಲಿಸಿದ ವಿಶ್ರಾಂತಿಯ ಸ್ಥಿತಿಗೆ ಹೋಗುತ್ತದೆ. ಬರಿಯ ಬಿಸಿಲು ಬಂದ ಮಾತ್ರಕ್ಕೆ ಅದು ಈ ವಿಶ್ರಾಂತಿಯಿಂದ ಹೊರಬರುವುದಿಲ್ಲ. ಸಾಕಷ್ಟು ಚಳಿಯನ್ನು ಉಂಡ ಮೇಲಷ್ಟೇ ಮೊಗ್ಗುಗಳು ಬಿಸಿಲಿಗೆ ಓಗೊಡುತ್ತವೆ. ಉಷ್ಣಾಂಶ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರುವ ಪ್ರತಿಯೊಂದು ಗಂಟೆಯನ್ನು ಒಂದು ಚಳಿಗಂಟೆ ಎಂದು ಎಣಿಸುವುದು ತೋಟಗಾರಿಕೆಯಲ್ಲಿ ಬಳಕೆಯಲ್ಲಿರುವ ಸರಳ ಲೆಕ್ಕ. ಹಿಮಾಚಲದಲ್ಲಿ ರಾಯಲ್ ಎಂದು ಕರೆಯಲಾಗುವ, ಡೆಲಿಷಿಯಸ್ ಗುಂಪಿಗೆ ಸೇರಿದ ಹಳೆಯ ತಳಿಗೆ ಇಂತಹ ಸಾವಿರಕ್ಕೂ ಹೆಚ್ಚು ಗಂಟೆಗಳು ಬೇಕು. ಚಳಿ ಸಾಲದೆ ಹೋದರೆ ಮೊಗ್ಗುಗಳು ತಡವಾಗಿ, ಒಂದೊಂದು ಒಂದೊಂದು ಕಾಲಕ್ಕೆ ಒಡೆಯುತ್ತವೆ. ಹೂವಿನ ಕಾಲ ಎಳೆದಾಡಿ ಕಾಯಿ ಕಚ್ಚುವುದು ಕಡಿಮೆಯಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೀಳುವ ಹಿಮವನ್ನು ಬೆಳೆಗಾರರು ಕಾತರದಿಂದ ಕಾಯುವುದು ಇದಕ್ಕಾಗಿಯೇ. ಆ ಹಿಮ ಚಳಿಯನ್ನು ಕೊಡುವುದರ ಜೊತೆಗೆ ನಿಧಾನವಾಗಿ ಕರಗಿ ಬೇರುಗಳಿಗೆ ಬೇಸಿಗೆಯವರೆಗೆ ತೇವವನ್ನೂ ಒದಗಿಸುತ್ತದೆ.

ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ, ಇಲ್ಲಿಯೂ ಕೆಳಗಿನಿಂದ ಮೇಲಕ್ಕೆ ಏರುವ ಕ್ರಮದಲ್ಲಿ, ಹೂವು ಅರಳುತ್ತದೆ. ಡೆಲಿಷಿಯಸ್ ತಳಿಗಳ ಹೂವು ತನ್ನದೇ ತಳಿಯ ಪರಾಗದಿಂದ ಕಾಯಿ ಕಟ್ಟಲಾರದು. ಅದಕ್ಕೆ ಬೇರೆ ತಳಿಯ ಪರಾಗ ಬೇಕು. ಹೀಗಾಗಿ ತೋಟದಲ್ಲಿ ಗೋಲ್ಡನ್ ಡೆಲಿಷಿಯಸ್, ರೆಡ್ ಗೋಲ್ಡ್, ಟೈಡ್‌ಮನ್ ಮೊದಲಾದ ಪರಾಗದಾನಿ ಮರಗಳನ್ನು ನಡುನಡುವೆ ನೆಟ್ಟಿರುತ್ತಾರೆ. ಅವು ಸಾಲದ ತೋಟಗಳಲ್ಲಿ ಪರಾಗದಾನಿ ಮರದ ಹೂಬಿಟ್ಟ ಕೊಂಬೆಗಳನ್ನು ಕಡಿದು ತಂದು, ನೀರು ತುಂಬಿದ ಬಾಟಲಿಗಳಲ್ಲಿ ಇಟ್ಟು ರಾಯಲ್ ಮರಗಳ ಕೊಂಬೆಗಳಿಗೆ ತೂಗುಹಾಕುವ ಪದ್ಧತಿಯೂ ಇದೆ. ಪರಾಗವನ್ನು ಒಯ್ಯುವ ಕೆಲಸ ಜೇನುಹುಳುಗಳದ್ದಾದ್ದರಿಂದ ಹೂವಿನ ಹತ್ತು ಹನ್ನೆರಡು ದಿನಗಳ ಮಟ್ಟಿಗೆ ಜೇನುಪೆಟ್ಟಿಗೆಗಳನ್ನು ಬಾಡಿಗೆಗೆ ತರುವುದು ವಾಡಿಕೆಯಾಗಿದೆ. ಆ ದಿನಗಳಲ್ಲಿ ಮಳೆ ಹಿಡಿದು ಜೇನು ಹೊರಗೆ ಬರದೆ ಹೋದರೆ ಆಗಸ್ಟಿನ ಫಸಲು ಏಪ್ರಿಲ್‌ನಲ್ಲಿಯೇ ಅರ್ಧ ಕೈತಪ್ಪಿದಂತೆ.

ಕಚ್ಚಿದ ಕಾಯಿಗೆ ಕಂಟಕಗಳು ಅನೇಕ. ಏಪ್ರಿಲ್, ಮೇ ತಿಂಗಳ ಆಲಿಕಲ್ಲು ಮಳೆ ಎಳೆಗಾಯಿಯ ಸಿಪ್ಪೆಯನ್ನು ಸೀಳುತ್ತದೆ. ಗಾಯ ಮಾಗಿದರೂ ಕಲೆ ಉಳಿದು ಹಣ್ಣು ಕೆಳದರ್ಜೆಗೆ ಇಳಿಯುತ್ತದೆ. ಇದರಿಂದ ಪಾರಾಗಲು ಮರಗಳ ಮೇಲೆ ಬಿಳಿಯ ಅಥವಾ ಹಸಿರು ಬಣ್ಣದ ಬಲೆಗಳನ್ನು ಹಾಸುತ್ತಾರೆ. ಸ್ಕ್ಯಾಬ್ ಎಂಬ ಶಿಲೀಂಧ್ರ ರೋಗ ಎಲೆ ಮತ್ತು ಕಾಯಿಗಳ ಮೇಲೆ ಕಜ್ಜಿಯಂತಹ ಕಪ್ಪು ಚುಕ್ಕೆಗಳನ್ನು ಎಬ್ಬಿಸುತ್ತದೆ. 1980ರ ದಶಕದ ಆರಂಭದಲ್ಲಿ ಹಿಮಾಚಲದಲ್ಲಿ ಈ ರೋಗ ಹರಡಿ ಅಪಾರ ಹಾನಿ ಮಾಡಿದ ಮೇಲೆ ವೇಳಾಪಟ್ಟಿಯ ಪ್ರಕಾರ ಔಷಧಿ ಸಿಂಪಡಿಸುವುದು ತೋಟದ ನಿತ್ಯಕರ್ಮವಾಯಿತು. ಇವೆಲ್ಲ ಸುಸೂತ್ರವಾಗಿ ನಡೆದರೂ ಪ್ರತಿವರ್ಷ ಸಮನಾದ ಫಸಲು ಬರುವ ಭರವಸೆಯಿಲ್ಲ. ಕಾಯಿ ವಿಪರೀತ ಹಿಡಿದ ವರ್ಷ ಅದರ ಬೀಜಗಳಿಂದ ಹೊರಡುವ ಹಾರ್ಮೋನುಗಳು ಮುಂದಿನ ವರ್ಷದ ಹೂಮೊಗ್ಗು ರೂಪುಗೊಳ್ಳುವುದನ್ನು ತಡೆಯುವುದರಿಂದ ಒಂದು ವರ್ಷ ಹೆಚ್ಚು, ಮರುವರ್ಷ ಕಡಿಮೆ ಎಂಬ ಚಕ್ರಕ್ಕೆ ಮರ ಸುಲಭವಾಗಿ ಬೀಳುತ್ತದೆ. ಇದಕ್ಕೆ ಹವಾಮಾನವೂ ಕೂಡಿದರೆ ಏರಿಳಿತ ಎಷ್ಟಿರಬಹುದು ಎಂಬುದನ್ನು ರಾಜ್ಯದ ಅಂಕಿಗಳೇ ತೋರಿಸುತ್ತವೆ: 2010-11ರಲ್ಲಿ 8.92 ಲಕ್ಷ ಟನ್ ಇದ್ದ ಉತ್ಪಾದನೆ 2011-12ರಲ್ಲಿ 2.75 ಲಕ್ಷ ಟನ್ನಿಗೆ ಕುಸಿಯಿತು.

ಕೊಯ್ಲು ಹತ್ತಿರವಾದಂತೆ ಎತ್ತರದ ಇನ್ನೊಂದು ಕೊಡುಗೆ ಕಣ್ಣಿಗೆ ಕಾಣತೊಡಗುತ್ತದೆ. ಸಿಪ್ಪೆಯ ಕೆಂಪು ಆಂಥೋಸಯನಿನ್ ಎಂಬ ವರ್ಣದ್ರವ್ಯದ್ದು. ಹಗಲಿನಲ್ಲಿ ಚುರುಕಾದ ಬಿಸಿಲು, ರಾತ್ರಿಯಲ್ಲಿ ತಂಪು ಇದ್ದಲ್ಲಿ ಅದು ಚೆನ್ನಾಗಿ ಕೂಡಿಕೊಳ್ಳುತ್ತದೆ. ಕಿನ್ನೌರಿನ ಹಣ್ಣಿಗೆ ಮಾರುಕಟ್ಟೆಯಲ್ಲಿ ವಿಶೇಷ ಹೆಸರಿರುವುದಕ್ಕೆ ಅಲ್ಲಿನ ಒಣಹವೆ, ತಂಪಾದ ರಾತ್ರಿಗಳು ಮತ್ತು ಅವುಗಳಿಂದ ಬರುವ ಗಾಢ ಬಣ್ಣ, ಗಟ್ಟಿ ತಿರುಳುಗಳೇ ಕಾರಣ. ಹೂವಿನ ನಂತರದ ವಾರಗಳಲ್ಲಿ ತಂಪಿದ್ದರೆ ಡೆಲಿಷಿಯಸ್ ಹಣ್ಣು ನೀಳವಾಗಿ ಬೆಳೆದು, ಬುಡದಲ್ಲಿ ಐದು ಉಬ್ಬುಗಳು ಸ್ಪಷ್ಟವಾಗಿ ಮೂಡುತ್ತವೆ. ಸೆಖೆಯ ಜಾಗದಲ್ಲಿ ಅದೇ ತಳಿ ಗುಂಡಗಾಗಿ ಚಪ್ಪಟೆಯಾಗುತ್ತದೆ. ಹೀಗಾಗಿ ಅನುಭವಸ್ಥ ವ್ಯಾಪಾರಿ ಹಣ್ಣಿನ ಆಕಾರವನ್ನೂ ಬಣ್ಣವನ್ನೂ ನೋಡಿಯೇ ಅದು ಯಾವ ಎತ್ತರದ್ದೆಂದು ಅಂದಾಜು ಮಾಡಬಲ್ಲ.

ಕೋಟ್‌ಗಢದ ಪಾಠ

ಹಿಮಾಚಲದ ಬೆಟ್ಟಗಳಿಗೆ ಸೇಬು ಬಂದದ್ದು ಬ್ರಿಟಿಷರ ಕಾಲದಲ್ಲಿ. ಕುಲ್ಲು ಕಣಿವೆಯ ಬಂದ್ರೋಲ್‌ನಲ್ಲಿ 1870ರಲ್ಲಿ ಕ್ಯಾಪ್ಟನ್ ಲೀ ಎಂಬ ಸೇನಾಧಿಕಾರಿ ಇಂಗ್ಲೆಂಡಿನಿಂದ ತರಿಸಿದ ಸಸಿಗಳನ್ನು ನೆಟ್ಟ. 1887ರಲ್ಲಿ ಶಿಮ್ಲಾ ಬಳಿಯ ಮಶೋಬ್ರಾದಲ್ಲಿ ಅಲೆಕ್ಸಾಂಡರ್ ಕೌಟ್ಸ್ ತೋಟ ಮಾಡಿದ. ಆದರೆ ಅವರು ತಂದ ತಳಿಗಳಲ್ಲಿ ಹೆಚ್ಚಿನವು ಹುಳಿ ಮುಂದಾದವು. ಸಿಹಿಯನ್ನು ಮೆಚ್ಚುವ ಭಾರತೀಯ ಗಿರಾಕಿಗಳ ನಾಲಿಗೆಗೆ ಅವು ಹಿಡಿಸಲಿಲ್ಲ. ಈ ಬೆಳೆಯನ್ನು ರೈತರ ಬೆಳೆಯನ್ನಾಗಿ ಮಾಡಿದವರು ಅಮೆರಿಕದ ಫಿಲಡೆಲ್ಫಿಯಾದ ಶ್ರೀಮಂತ ಮನೆತನದಲ್ಲಿ 1882ರಲ್ಲಿ ಹುಟ್ಟಿದ ಸ್ಯಾಮ್ಯುಯಲ್ ಇವಾನ್ಸ್ ಸ್ಟೋಕ್ಸ್. ಕುಷ್ಠರೋಗಿಗಳ ಸೇವೆಗೆಂದು 1904ರಲ್ಲಿ ಭಾರತಕ್ಕೆ ಬಂದ ಅವರು ಶಿಮ್ಲಾ ಬೆಟ್ಟಗಳ ಕೋಟ್‌ಗಢದಲ್ಲಿ ನೆಲೆಸಿ, ಸ್ಥಳೀಯ ಹೆಣ್ಣುಮಗಳನ್ನು ಮದುವೆಯಾಗಿ ಬೇಸಾಯಕ್ಕಿಳಿದರು; ಮುಂದೆ 1932ರಲ್ಲಿ ಹಿಂದೂ ಧರ್ಮವನ್ನು ಸ್ವೀಕರಿಸಿ ಸತ್ಯಾನಂದ ಎಂಬ ಹೆಸರಿಟ್ಟುಕೊಂಡರು.

ಸ್ಟೋಕ್ಸ್ 1916ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಸ್ಟಾರ್ಕ್ ಬ್ರದರ್ಸ್ ನರ್ಸರಿಯಿಂದ ಡೆಲಿಷಿಯಸ್ ಸಸಿಗಳನ್ನು ತರಿಸಿ ಬೆಳೆದರು. 1921ರಲ್ಲಿ ಗೋಲ್ಡನ್ ಡೆಲಿಷಿಯಸ್ ಬಂತು. ಸಿಹಿ, ಬಣ್ಣ, ದೂರ ಸಾಗಿಸಿದರೂ ತಾಳಿಕೊಳ್ಳುವ ಗುಣ ಮೂರೂ ಇದ್ದ ಈ ಹಣ್ಣಿನ ಸಸಿಗಳನ್ನು ಅವರು ಸುತ್ತಲಿನ ರೈತರಿಗೆ ಹಂಚಿ, ಬೆಳೆಯುವ ಕ್ರಮವನ್ನೂ ಕಲಿಸಿದರು. ಆ ಕಾಲಕ್ಕೆ ಈ ಬೆಟ್ಟಗಳ ರೈತರ ಪಾಲಿಗಿದ್ದುದು ಸ್ವಲ್ಪ ಗೋಧಿ, ಆಲೂಗಡ್ಡೆ ಮತ್ತು ಬೇಗಾರ್ ಎಂಬ ಬಿಟ್ಟಿ ದುಡಿಮೆ: 1850ರಲ್ಲಿ ಆರಂಭವಾದ ಹಿಂದೂಸ್ತಾನ್-ಟಿಬೆಟ್ ರಸ್ತೆಯಲ್ಲಿ ಓಡಾಡುವ ಸಾಹೇಬರ ಸಾಮಾನು ಹೊರಲು ಹಳ್ಳಿಗರು ಕೈಕೆಲಸ ಬಿಟ್ಟು ಹೋಗಲೇಬೇಕಿತ್ತು. ಸ್ಟೋಕ್ಸ್ ಈ ಪದ್ಧತಿಯ ವಿರುದ್ಧ ಹೋರಾಡಿದರು, ಅಸಹಕಾರ ಚಳವಳಿಗೆ ಸೇರಿ ಜೈಲನ್ನೂ ಕಂಡರು. ಥಿಯೋಗ್, ನಾರ್ಕಂಡಾಗಳ ಮೂಲಕ ಹಾಯುವ ಆ ದಾರಿಯೇ ಇಂದಿನ ರಾಷ್ಟ್ರೀಯ ಹೆದ್ದಾರಿ 5. ಒಂದು ಕಾಲಕ್ಕೆ ಬಿಟ್ಟಿ ಹೊರೆ ಹೊತ್ತ ಮನೆತನಗಳ ಹಣ್ಣು ಈಗ ಅದರ ಮೇಲೆ ಲಾರಿಗಳಲ್ಲಿ ಇಳಿಯುತ್ತದೆ.

ಸ್ವಾತಂತ್ರ್ಯಾನಂತರ ರಾಜ್ಯದ ಮೊದಲ ಮುಖ್ಯಮಂತ್ರಿ ಯಶವಂತ್ ಸಿಂಗ್ ಪರ್ಮಾರ್ ಅವರು ರಸ್ತೆ ಮತ್ತು ತೋಟಗಾರಿಕೆಗಳನ್ನು ಜೊತೆಜೊತೆಯಾಗಿ ಬೆಳೆಸಿದರು. ಹಣ್ಣು ಬೆಳೆದರೂ ಸಾಗಿಸುವ ದಾರಿಯಿಲ್ಲದ ಹಳ್ಳಿಗೆ ಅದರಿಂದ ಪ್ರಯೋಜನವಿಲ್ಲ ಎಂಬ ತಿಳಿವಳಿಕೆ ಆ ನೀತಿಯ ಹಿಂದಿತ್ತು. ಸೋಲನ್ ಬಳಿಯ ನೌಣಿಯಲ್ಲಿ 1985ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ಮತ್ತು ಅರಣ್ಯ ವಿಶ್ವವಿದ್ಯಾಲಯಕ್ಕೆ ಅವರ ಹೆಸರನ್ನೇ ಇಡಲಾಗಿದೆ. ಮಶೋಬ್ರಾದ ಸಂಶೋಧನಾ ಕೇಂದ್ರ ಆ ವಿಶ್ವವಿದ್ಯಾಲಯಕ್ಕೆ ಸೇರಿದ್ದು.

ಕೊಯ್ಲಿನ ದಿನವನ್ನು ಗೊತ್ತುಮಾಡುವುದು

ಸೇಬು ಯಾವಾಗ ಬಲಿಯಿತು ಎಂಬುದನ್ನು ಬಣ್ಣವೊಂದನ್ನೇ ನೋಡಿ ಹೇಳಲಾಗದು. ಸೇಬು ಬಾಳೆ, ಮಾವುಗಳಂತೆ ಕಿತ್ತ ಮೇಲೆಯೂ ಮಾಗುತ್ತ ಹೋಗುವ ಹಣ್ಣು. ಹಣ್ಣೇ ಹೊರಸೂಸುವ ಎಥಿಲೀನ್ ಎಂಬ ಅನಿಲ ಅದರ ಉಸಿರಾಟವನ್ನು ಚುರುಕುಗೊಳಿಸಿ, ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸಿ, ತಿರುಳನ್ನು ಮೆತ್ತಗಾಗಿಸುತ್ತದೆ. ಬಲಿಯುವ ಮುಂಚೆ ಕಿತ್ತರೆ ಹಣ್ಣು ಸಪ್ಪೆಯಾಗಿ ಸುಕ್ಕುಗಟ್ಟುತ್ತದೆ. ಮರದಲ್ಲೇ ಪೂರ್ತಿ ಮಾಗಲು ಬಿಟ್ಟರೆ ದಿಲ್ಲಿಯನ್ನು ತಲಪುವಷ್ಟರಲ್ಲಿ ಹಿಟ್ಟುಹಿಟ್ಟಾಗುತ್ತದೆ. ಈ ಎರಡರ ನಡುವೆ ದೂರದ ಮಾರುಕಟ್ಟೆಗೆ ಒಪ್ಪುವ ಅವಧಿ ಬಹಳ ಕಿರಿದು, ಪ್ರತಿಯೊಂದು ಎತ್ತರಕ್ಕೂ ಆ ಅವಧಿ ಬೇರೆ ಬೇರೆ.

ಬೆಳೆಗಾರರು ಇದಕ್ಕೆ ಹಲವು ಗುರುತುಗಳನ್ನು ಕೂಡಿಸಿ ನೋಡುತ್ತಾರೆ. ಹೂವು ಪೂರ್ಣ ಅರಳಿದ ದಿನದಿಂದ ಎಣಿಸಿದರೆ ರಾಯಲ್ ತಳಿಗೆ ಸುಮಾರು ನಾಲ್ಕೂವರೆ ತಿಂಗಳು ಬೇಕು. ಹಣ್ಣನ್ನು ಸೀಳಿದರೆ ಬೀಜ ಕಂದು ಬಣ್ಣಕ್ಕೆ ತಿರುಗಿರಬೇಕು. ಕೆಂಪಿನ ಅಡಿಯಲ್ಲಿರುವ ಸಿಪ್ಪೆಯ ಮೂಲಬಣ್ಣ ಹಸಿರಿನಿಂದ ತಿಳಿಹಳದಿಯತ್ತ ಜಾರುತ್ತಿರಬೇಕು. ಇವುಗಳಿಗಿಂತ ಖಚಿತವಾದದ್ದು ಅಯೋಡಿನ್ ಪರೀಕ್ಷೆ. ಹಣ್ಣನ್ನು ಅಡ್ಡಲಾಗಿ ಎರಡು ಹೋಳು ಮಾಡಿ, ಕತ್ತರಿಸಿದ ಮುಖವನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ ಕೆಲವು ನಿಮಿಷ ಬಿಡುತ್ತಾರೆ; ಪಿಷ್ಟವಿರುವ ಭಾಗ ಕಡುನೀಲಿಯಾಗುತ್ತದೆ, ಸಕ್ಕರೆಯಾಗಿ ಮಾರ್ಪಟ್ಟ ಭಾಗ ಬೆಳ್ಳಗೆ ಉಳಿಯುತ್ತದೆ. ಮಾಗುವಿಕೆ ನಡುವಿನ ಬೀಜದ ಗೂಡಿನಿಂದ ಸಿಪ್ಪೆಯತ್ತ ಸಾಗುವುದರಿಂದ, ಮೊದಲು ಇಡೀ ಹೋಳು ನೀಲಿಯಾಗಿದ್ದದ್ದು ದಿನ ಕಳೆದಂತೆ ನಡುವೆ ಬಿಳಿಯ ನಕ್ಷತ್ರವಾಗಿ ತೆರೆದು, ನೀಲಿ ಅಂಚಿಗೆ ಸರಿಯುತ್ತದೆ. ದೀರ್ಘಕಾಲ ಶೈತ್ಯಾಗಾರದಲ್ಲಿಡುವ ಹಣ್ಣನ್ನು ನೀಲಿ ಸಾಕಷ್ಟು ಉಳಿದಿರುವಾಗಲೇ ಕೀಳಬೇಕು. ಹತ್ತಿರದ ಮಾರುಕಟ್ಟೆಗಾದರೆ ಬಿಳಿ ಇನ್ನಷ್ಟು ಹರಡುವವರೆಗೆ ಕಾಯಬಹುದು.

ಕಾಯುವ ತಾಳ್ಮೆಗೆ ಮಾರುಕಟ್ಟೆಯ ಆಮಿಷವೇ ದೊಡ್ಡ ಶತ್ರು. ಹಂಗಾಮಿನ ಮೊದಲ ಹಣ್ಣಿಗೆ ಒಳ್ಳೆಯ ಬೆಲೆ ಸಿಗುವುದರಿಂದ, ಕೆಳಪಟ್ಟಿಯ ತೋಟಗಳಲ್ಲಿ ಎಥಿಫಾನ್ ಎಂಬ ರಾಸಾಯನಿಕವನ್ನು ಸಿಂಪಡಿಸಿ ಬಣ್ಣ ಬರಿಸುವ ರೂಢಿ ಬೆಳೆದಿದೆ. ಅದು ಹಣ್ಣಿನೊಳಗೆ ಒಡೆದು ಎಥಿಲೀನನ್ನು ಬಿಡುತ್ತದೆ. ಸಿಪ್ಪೆ ಕೆಂಪೇರುತ್ತದೆ ನಿಜ, ಆದರೆ ತಿರುಳೂ ಅದೇ ವೇಗದಲ್ಲಿ ಮೆತ್ತಗಾಗುವುದರಿಂದ ಹಣ್ಣಿನ ಬಾಳಿಕೆ ಕುಗ್ಗುತ್ತದೆ. ಹಂಗಾಮಿನ ಆರಂಭದಲ್ಲಿ ಇಂತಹ ಹಣ್ಣನ್ನು ತಿಂದು ಬೇಸತ್ತ ಗಿರಾಕಿ ಮುಂದೆ ಬರುವ ಒಳ್ಳೆಯ ಹಣ್ಣನ್ನೂ ಅನುಮಾನದಿಂದ ನೋಡುತ್ತಾನೆ ಎಂಬುದು ಮೇಲಿನ ಪಟ್ಟಿಯ ಬೆಳೆಗಾರರ ಹಳೆಯ ದೂರು.

ಬಿಡಿಸುವ ಕೆಲಸಕ್ಕೆ ಇಂದಿಗೂ ಕೈಯೇ ಗತಿ. ಹಣ್ಣನ್ನು ಜಗ್ಗಿ ಕೀಳುವಂತಿಲ್ಲ: ಅಂಗೈಯನ್ನು ಹಣ್ಣಿನ ಕೆಳಗೆ ಕೊಟ್ಟು, ತೋರುಬೆರಳನ್ನು ತೊಟ್ಟಿನ ಬುಡಕ್ಕೆ ಆನಿಸಿ, ಹಣ್ಣನ್ನು ಮೇಲಕ್ಕೆತ್ತಿ ಸ್ವಲ್ಪ ತಿರುವಿದರೆ ಬಲಿತ ಹಣ್ಣು ತೊಟ್ಟಿನ ಸಮೇತ ತಾನಾಗಿ ಕಳಚಿಕೊಳ್ಳುತ್ತದೆ. ತೊಟ್ಟು ಕಿತ್ತುಬಂದ ಹಣ್ಣಿನ ತಲೆಯಲ್ಲಿ ಗಾಯವಾಗಿ ಕೊಳೆ ಹೊಗುತ್ತದೆ. ಜಗ್ಗಿದರೆ ಹಣ್ಣು ಹಿಡಿದಿದ್ದ ಗಿಡ್ಡ ರೆಂಬೆಯೇ ಮುರಿಯುತ್ತದೆ. ಆ ಗಿಡ್ಡ ರೆಂಬೆಗಳ ತುದಿಯಲ್ಲಿ ಮುಂದಿನ ವರ್ಷದ ಹೂಮೊಗ್ಗು ಅದಾಗಲೇ ರೂಪುಗೊಂಡಿರುವುದರಿಂದ, ಅವಸರದ ಒಂದು ಎಳೆತಕ್ಕೆ ಎರಡು ವರ್ಷದ ನಷ್ಟ. ಉಗುರು ತಾಕಿದ ಗುರುತು, ಬುಟ್ಟಿಗೆ ಎಸೆದ ಪೆಟ್ಟು ಆಗ ಕಾಣದಿದ್ದರೂ ಮೂರು ನಾಲ್ಕು ದಿನಗಳಲ್ಲಿ ಕಂದು ಮಚ್ಚೆಯಾಗಿ ತೋರುತ್ತದೆ. ಬಿಸಿಲಿಗೆ ತೆರೆದ ಹೊರಗಿನ ಹಣ್ಣು ಮೊದಲು ಬಲಿಯುವುದರಿಂದ ಒಂದೇ ಮರವನ್ನು ಎರಡು ಮೂರು ಸುತ್ತಿನಲ್ಲಿ ಬಿಡಿಸಬೇಕಾಗುತ್ತದೆ.

ಇಳಿಜಾರಿನ ದುಡಿಮೆ, ಪೆಟ್ಟಿಗೆಯ ಗಣಿತ

ಬಿಡಿಸಿದ ಹಣ್ಣನ್ನು ತೋಟದಿಂದ ವಿಂಗಡಣೆಯ ಕೊಟ್ಟಿಗೆಗೆ ಸಾಗಿಸುವಲ್ಲಿ ಇಳಿಜಾರು ತನ್ನ ಬೆಲೆ ವಸೂಲು ಮಾಡುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಹೊಲಗಳಲ್ಲಿ ಗಾಡಿ ಚಲಿಸುವಂತಿಲ್ಲ. ಕಿಲ್ಟಾ ಎಂದು ಕರೆಯಲಾಗುವ, ಕೆಳಗೆ ಕಿರಿದಾಗಿ ಮೇಲೆ ಅಗಲವಾಗಿ ಹೆಣೆದ ಬುಟ್ಟಿಯನ್ನು ಬೆನ್ನಿಗೆ ಹೊತ್ತು ಕಾಲುದಾರಿಯಲ್ಲಿ ಏರಿಳಿಯಬೇಕು. ರಸ್ತೆಯಿಂದ ದೂರವಿರುವ ತೋಟಗಳಿಂದ ಪೆಟ್ಟಿಗೆಗಳನ್ನು ಹೇಸರಗತ್ತೆಗಳ ಮೇಲೆ ಹೇರುತ್ತಾರೆ, ಇಲ್ಲವೆ ಕಣಿವೆಗೆ ಅಡ್ಡಲಾಗಿ ಬಿಗಿದ ಉಕ್ಕಿನ ಹಗ್ಗದ ಮೇಲೆ ಜಾರುವ ತೊಟ್ಟಿಲಿನಲ್ಲಿ ಕಳುಹಿಸುತ್ತಾರೆ. ಈ ದುಡಿಮೆಯ ಬಹುಪಾಲನ್ನು ಹೊತ್ತವರು ನೇಪಾಳದಿಂದ ಹಂಗಾಮಿಗೆ ಬರುವ ಕೂಲಿಕಾರರು. 2020ರ ಕೋವಿಡ್ ನಿರ್ಬಂಧಗಳಿಂದ ಅವರು ಬರಲಾಗದೆ ಹೋದಾಗ, ಮರದ ತುಂಬ ಹಣ್ಣಿದ್ದೂ ಇಳಿಸುವವರಿಲ್ಲದ ಆತಂಕ ಇಡೀ ಸೇಬಿನ ಪಟ್ಟಿಯನ್ನು ಆವರಿಸಿತ್ತು.

ಕೊಟ್ಟಿಗೆಯಲ್ಲಿ ಹಣ್ಣನ್ನು ಗಾತ್ರ ಮತ್ತು ಬಣ್ಣಗಳ ಪ್ರಕಾರ ವಿಂಗಡಿಸುತ್ತಾರೆ. ಸಾಂಪ್ರದಾಯಿಕ ಪೆಟ್ಟಿಗೆಯಲ್ಲಿ ತಗ್ಗುಗಳಿರುವ ಕಾಗದದ ತಿರುಳಿನ ತಟ್ಟೆಗಳನ್ನು ಪದರ ಪದರವಾಗಿ ಜೋಡಿಸುತ್ತಿದ್ದುದರಿಂದ ಗಾತ್ರವನ್ನು ಹಣ್ಣಿನ ಎಣಿಕೆಯಿಂದಲೇ ಗುರುತಿಸುವ ರೂಢಿ ಬೆಳೆಯಿತು. ಒಂದು ಪೆಟ್ಟಿಗೆಗೆ 100 ಹಣ್ಣು ಹಿಡಿದರೆ ಲಾರ್ಜ್, 125 ಹಿಡಿದರೆ ಮೀಡಿಯಂ, 150 ಹಿಡಿದರೆ ಸ್ಮಾಲ್, 175 ಹಿಡಿದರೆ ಎಕ್ಸ್‌ಟ್ರಾ ಸ್ಮಾಲ್. ಅದಕ್ಕೂ ಚಿಕ್ಕದನ್ನು ಪಿಟ್ಟು ಎನ್ನುತ್ತಾರೆ. ಕಲೆ ಬಿದ್ದ, ಆಲಿಕಲ್ಲು ಹೊಡೆದ, ಬಣ್ಣವಿಲ್ಲದ ಹಣ್ಣು ಬೇರೆಯಾಗಿ ಗೋಣಿಚೀಲ ಸೇರುತ್ತದೆ. ಒಂದೇ ಮರದ ಹಣ್ಣು ಹೀಗೆ ಐದಾರು ಬೆಲೆಗಳಾಗಿ ಒಡೆಯುವುದರಿಂದ, ವಿಂಗಡಿಸುವವರ ಕೈಚಳಕಕ್ಕೆ ಬೆಳೆಯುವವರ ಶ್ರಮದಷ್ಟೇ ಬೆಲೆಯುಂಟು.

ಪೆಟ್ಟಿಗೆಯ ಕಥೆಯೂ ಸಣ್ಣದಲ್ಲ. ಮೊದಲು ಫರ್, ಸ್ಪ್ರೂಸ್ ಮರಗಳ ಹಲಗೆಗಳಿಂದ ಪೆಟ್ಟಿಗೆ ಮಾಡುತ್ತಿದ್ದುದರಿಂದ ಸೇಬು ಹೆಚ್ಚಿದಷ್ಟೂ ಕಾಡು ಕರಗುತ್ತಿತ್ತು. 1980ರ ದಶಕದಿಂದ ರಟ್ಟಿನ ಪೆಟ್ಟಿಗೆಗಳು ಬಳಕೆಗೆ ಬಂದು ಆ ಒತ್ತಡ ಇಳಿಯಿತು. ಆದರೆ ಟೆಲಿಸ್ಕೋಪಿಕ್ ಎಂಬ ಈ ಪೆಟ್ಟಿಗೆ ಒಂದರ ಮೇಲೊಂದು ಕೂರುವ ಎರಡು ಭಾಗಗಳದ್ದು. ಮೇಲಿನ ಭಾಗವನ್ನು ಎತ್ತರಿಸುತ್ತ ಹೋದರೆ ಇನ್ನೊಂದು ಪದರ ಹಣ್ಣು ಹಿಡಿಯುತ್ತದೆ. ಹರಾಜು ಪೆಟ್ಟಿಗೆಯ ಲೆಕ್ಕದಲ್ಲಿ ನಡೆಯುತ್ತಿದ್ದುದರಿಂದ ಇಪ್ಪತ್ತು ಕಿಲೋ ಇರಬೇಕಾದ ಪೆಟ್ಟಿಗೆ ಮೂವತ್ತರ ಹತ್ತಿರಕ್ಕೆ ತೂಗುತ್ತಿತ್ತು, ಹೆಚ್ಚಿನ ಹಣ್ಣಿಗೆ ಬೆಳೆಗಾರನಿಗೆ ಕಾಸು ಸಿಗುತ್ತಿರಲಿಲ್ಲ. ಬಹುಕಾಲದ ಬೇಡಿಕೆಯ ನಂತರ ರಾಜ್ಯ ಸರ್ಕಾರ 2023ರಲ್ಲಿ ಕಿಲೋ ಲೆಕ್ಕದ ಮಾರಾಟವನ್ನು ಜಾರಿಗೆ ತಂದು, 2024ರ ಹಂಗಾಮಿನಿಂದ ಸುಮಾರು 20 ಕಿಲೋ ಮಾತ್ರ ಹಿಡಿಯುವ, ಹಿಗ್ಗಿಸಲಾಗದ ಯೂನಿವರ್ಸಲ್ ಪೆಟ್ಟಿಗೆಯನ್ನು ಕಡ್ಡಾಯ ಮಾಡಿತು. ರೈತನ ಆದಾಯದ ಪ್ರಶ್ನೆ ಕೆಲವೊಮ್ಮೆ ರಟ್ಟಿನ ಮಡಿಕೆಯೊಳಗೂ ಅಡಗಿರುತ್ತದೆ.

ರಸ್ತೆ, ಮಂಡಿ ಮತ್ತು ಬೆಲೆ

ನಡುಪಟ್ಟಿಯ ಕೊಯ್ಲು ಬಿರುಸಾಗತೊಡಗುವ ಜುಲೈ ಕೊನೆ ಮತ್ತು ಆಗಸ್ಟ್ ತಿಂಗಳುಗಳು ಹಿಮಾಲಯದಲ್ಲಿ ಮುಂಗಾರು ಅಬ್ಬರಿಸುವ ಕಾಲ. ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ; ಪೆಟ್ಟಿಗೆಯೊಳಗಿನ ಹಣ್ಣು ಉಸಿರಾಡುತ್ತಲೇ ಇರುವುದರಿಂದ ಲಾರಿ ನಿಂತರೂ ಮಾಗುವಿಕೆ ನಿಲ್ಲುವುದಿಲ್ಲ. 2023ರ ಜುಲೈ ಮತ್ತು ಆಗಸ್ಟ್ ತಿಂಗಳ ಮಹಾಮಳೆ ರಾಜ್ಯದ ರಸ್ತೆಜಾಲವನ್ನು ಕಂಗೆಡಿಸಿದಾಗ, ಬೆಳೆ ಚೆನ್ನಾಗಿ ಬಂದ ತೋಟಗಳಲ್ಲೂ ಹಣ್ಣನ್ನು ಹೊತ್ತಿಗೆ ಸರಿಯಾಗಿ ಕಳುಹಿಸಲಾಗಲಿಲ್ಲ. ದೊಡ್ಡ ಹೆದ್ದಾರಿ ತೆರೆದಿದ್ದರೂ ಹಳ್ಳಿಯಿಂದ ಹೆದ್ದಾರಿಗೆ ಸೇರಿಸುವ ಕಚ್ಚಾ ರಸ್ತೆ ಕುಸಿದರೆ ಪರಿಣಾಮ ಒಂದೇ.

ಶಿಮ್ಲಾದ ಭಟ್ಟಾಕುಫರ್, ಥಿಯೋಗ್ ಬಳಿಯ ಪರಾಲಾ, ರೋಹಡು, ಕುಲ್ಲುವಿನ ಬಂದ್ರೋಲ್, ಬಯಲಿನ ಅಂಚಿನ ಪರ್ವಾಣೂ ಇವು ರಾಜ್ಯದ ಮುಖ್ಯ ಸೇಬಿನ ಮಂಡಿಗಳು. ಇವುಗಳಾಚೆ ದಿಲ್ಲಿಯ ಆಜಾದ್‌ಪುರ ಇಡೀ ದೇಶದ ಸೇಬಿನ ಬೆಲೆಗೆ ದಿಕ್ಕು ತೋರಿಸುವ ಮಾರುಕಟ್ಟೆ. ಮಂಡಿಯಲ್ಲಿ ಆಢ್ತಿ ಎಂಬ ಕಮಿಷನ್ ದಲ್ಲಾಳಿ ಬೆಳೆಗಾರನ ಪರವಾಗಿ ಹರಾಜು ಕೂಗಿಸುತ್ತಾನೆ. ಲದಾನಿ ಎಂದು ಕರೆಸಿಕೊಳ್ಳುವ ವ್ಯಾಪಾರಿ ಕೊಂಡ ಹಣ್ಣನ್ನು ಲಾರಿಗೆ ಹೇರಿ ದೂರದ ಊರುಗಳಿಗೆ ಕಳುಹಿಸುತ್ತಾನೆ. ಕರ್ನಾಟಕದ ದನದ ಜಾತ್ರೆಗಳಲ್ಲಿ ಟವೆಲ್ಲಿನಡಿ ಬೆರಳು ಹಿಡಿದು ವ್ಯಾಪಾರ ಕುದುರಿಸುವಂತೆ, ಇಲ್ಲಿಯೂ ಬಟ್ಟೆಯ ಮರೆಯಲ್ಲಿ ಬೆರಳುಗಳಿಂದ ಬೆಲೆ ತಿಳಿಸುವ ಪದ್ಧತಿ ಇತ್ತು. ತನ್ನ ಹಣ್ಣಿಗೆ ಯಾರು ಎಷ್ಟು ಕೂಗಿದರೆಂಬುದು ಪಕ್ಕದಲ್ಲೇ ನಿಂತ ಬೆಳೆಗಾರನಿಗೆ ತಿಳಿಯುತ್ತಿರಲಿಲ್ಲ ಎಂಬ ಕಾರಣಕ್ಕೆ ಬಹಿರಂಗ ಹರಾಜಿನ ಬೇಡಿಕೆ ಬಲವಾಯಿತು.

ಮಾರುಕಟ್ಟೆ ಬೇಡವೆಂದ ಹಣ್ಣಿಗಾಗಿ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆ ಎಂಬ ವ್ಯವಸ್ಥೆಯಿದೆ. ಕೆಳದರ್ಜೆಯ ಸೇಬನ್ನು ಸರ್ಕಾರದ ಸಂಸ್ಥೆಗಳು ನಿಗದಿತ ದರಕ್ಕೆ ಕೊಂಡು ರಸ, ಜಾಮ್‌ಗಳಿಗೆ ಬಳಸುತ್ತವೆ. 2023ರಲ್ಲಿ ಈ ದರ ಕಿಲೋಗೆ 12 ರೂಪಾಯಿಗೆ ಏರಿತು. 1974ರಲ್ಲಿ ಸ್ಥಾಪನೆಯಾದ ರಾಜ್ಯದ ತೋಟಗಾರಿಕಾ ಉತ್ಪನ್ನ ಮಾರಾಟ ಮತ್ತು ಸಂಸ್ಕರಣಾ ನಿಗಮ, ಅಂದರೆ ಎಚ್‌ಪಿಎಂಸಿ, ಪರ್ವಾಣೂವಿನಲ್ಲಿ ಸೇಬಿನ ರಸವನ್ನು ಗಟ್ಟಿಮಾಡುವ ಕಾರ್ಖಾನೆ ನಡೆಸುತ್ತದೆ. ಬೆಂಬಲ ಬೆಲೆಯ ಪ್ರಶ್ನೆ ಈ ಸೀಮೆಯಲ್ಲಿ ಎಷ್ಟು ಸೂಕ್ಷ್ಮವಾದದ್ದೆಂದರೆ, 1990ರ ಜುಲೈನಲ್ಲಿ ಕೋಟ್‌ಗಢದಲ್ಲಿ ನಡೆದ ಬೆಳೆಗಾರರ ಚಳವಳಿಯ ವೇಳೆ ಪೊಲೀಸ್ ಗೋಲಿಬಾರಿಗೆ ಮೂವರು ಬಲಿಯಾದರು. ಇತ್ತೀಚೆಗೆ ಬೆಲೆಯ ಈ ಪ್ರಶ್ನೆಗೆ ಆಮದಿನ ಸ್ಪರ್ಧೆಯೂ ಕೂಡಿಕೊಂಡಿದೆ. ಅಗ್ಗದ ವಿದೇಶಿ ಹಣ್ಣು ಬೆಲೆ ಕೆಡಿಸುತ್ತದೆಂಬ ದೂರಿನ ಮೇಲೆ ಕೇಂದ್ರ ಸರ್ಕಾರ 2023ರ ಮೇ ತಿಂಗಳಿನಲ್ಲಿ ಕಿಲೋಗೆ 50 ರೂಪಾಯಿಯೊಳಗಿನ ಸೇಬಿನ ಆಮದನ್ನು, ಭೂತಾನವೊಂದನ್ನು ಹೊರತುಪಡಿಸಿ, ನಿರ್ಬಂಧಿಸಿತು.

ಎಲ್ಲರೂ ಒಟ್ಟಿಗೆ ಹಣ್ಣು ತಂದಾಗ ಬೆಲೆ ಬೀಳುವುದನ್ನು ತಪ್ಪಿಸುವ ಒಂದು ದಾರಿ ನಿಯಂತ್ರಿತ ವಾತಾವರಣದ ಶೈತ್ಯಾಗಾರ. ಗಾಳಿ ನುಸುಳದ ಕೋಣೆಯಲ್ಲಿ ಹಣ್ಣಿಟ್ಟು, ಉಷ್ಣಾಂಶವನ್ನು ಸೊನ್ನೆ ಡಿಗ್ರಿಯ ಸಮೀಪಕ್ಕೆ ಇಳಿಸಿ, ಮಾಮೂಲಿ ಗಾಳಿಯಲ್ಲಿ ಶೇ 21ರಷ್ಟಿರುವ ಆಮ್ಲಜನಕವನ್ನು ಶೇ 1ರಿಂದ 3ಕ್ಕೆ ತಗ್ಗಿಸುತ್ತಾರೆ. ಹಣ್ಣು ಸಾಯದೆ, ಉಸಿರು ಮಾತ್ರ ನಿಧಾನವಾಗಿ, ತಿಂಗಳುಗಟ್ಟಲೆ ಗಟ್ಟಿಯಾಗಿ ಉಳಿಯುತ್ತದೆ. ಕರ್ನಾಟಕದ ಗ್ರಾಹಕನಿಗೆ ಇದರ ಫಲ ನೇರವಾಗಿ ಕಾಣುತ್ತದೆ: ಗೌರಿ-ಗಣೇಶ ಹಬ್ಬದಿಂದ ಆಯುಧಪೂಜೆಯವರೆಗೆ ಬೆಂಗಳೂರಿನ ಸಿಂಗೇನ ಅಗ್ರಹಾರದ ಹಣ್ಣಿನ ಮಾರುಕಟ್ಟೆಗೆ ಬಂದಿಳಿಯುವ ಶಿಮ್ಲಾ ಸೇಬು ಆಗತಾನೆ ಕಿತ್ತದ್ದು, ಯುಗಾದಿಯ ಹೊತ್ತಿಗೆ ಸಿಗುವ ದೇಶಿ ಸೇಬು ಹಿಂದಿನ ವರ್ಷದ ಕೊಯ್ಲಿನಲ್ಲಿ ಇಂತಹ ಕೋಣೆ ಹೊಕ್ಕದ್ದು.

ಮೇಲೇರುತ್ತಿರುವ ಗೆರೆ

ಈಚಿನ ದಶಕಗಳಲ್ಲಿ ಚಳಿಗಾಲದ ಹಿಮ ಕಡಿಮೆಯಾಗಿ, ಉಷ್ಣಾಂಶ ಹೆಚ್ಚಿದಂತೆ ಸೇಬಿಗೆ ಬೇಕಾದ ಚಳಿಗಂಟೆಗಳು ಸಿಗುವ ಗೆರೆ ಬೆಟ್ಟದಲ್ಲಿ ಮೇಲಕ್ಕೆ ಸರಿಯುತ್ತಿದೆ. ಕುಲ್ಲು ಕಣಿವೆಯ ಕೆಳಭಾಗದಲ್ಲಿ ಒಂದು ಕಾಲಕ್ಕೆ ಸೇಬಿದ್ದ ನೆಲದಲ್ಲಿ ಈಗ ದಾಳಿಂಬೆ ಮತ್ತು ತರಕಾರಿ ಬೆಳೆಯುತ್ತಾರೆ. ಅದೇ ವೇಳೆಗೆ, ಹಿಂದೆ ಸೇಬಿಗೆ ಅತಿ ಚಳಿಯೆನಿಸಿದ್ದ ಲಾಹೌಲ್-ಸ್ಪಿತಿಯಲ್ಲಿ ಹೊಸ ತೋಟಗಳು ಎದ್ದಿವೆ. ಮೇಲಕ್ಕೆ ಹೋದಂತೆ ಚಳಿ ಸಿಗುತ್ತದೆಯಾದರೂ ನೆಲ ಕಡಿದಾಗುತ್ತದೆ, ರಸ್ತೆ ವಿರಳವಾಗುತ್ತದೆ, ಕೊಯ್ಲು ತಡವಾಗಿ ಹಿಮದ ಬಾಯಿಗೆ ಹತ್ತಿರವಾಗುತ್ತದೆ. ಆದ್ದರಿಂದ ಬೆಳೆಯನ್ನು ಎತ್ತರಕ್ಕೆ ಸಾಗಿಸುವುದಷ್ಟೇ ಉತ್ತರವಾಗಲಾರದು.

ಇನ್ನೊಂದು ಉತ್ತರ ತಳಿಯನ್ನೇ ಬದಲಿಸುವುದು. ಗಾಲಾ ಮೊದಲಾದ, ರಾಯಲ್‌ಗಿಂತ ಕಡಿಮೆ ಚಳಿ ಸಾಕೆನ್ನುವ ತಳಿಗಳು ನಡುಪಟ್ಟಿ ಮತ್ತು ಕೆಳಪಟ್ಟಿಗಳಲ್ಲಿ ಹರಡುತ್ತಿವೆ. ಬಿಲಾಸ್‌ಪುರ ಜಿಲ್ಲೆಯ ರೈತ ಹರಿಮನ್ ಶರ್ಮಾ ಬಿಸಿಲು ನಾಡಿನಲ್ಲೂ ಹಣ್ಣು ಬಿಡುವ ಎಚ್‌ಆರ್‌ಎಂಎನ್-99 ಎಂಬ ತಳಿಯನ್ನು ರೂಪಿಸಿದ್ದಕ್ಕೆ 2025ರಲ್ಲಿ ಪದ್ಮಶ್ರೀ ಪಡೆದರು. ಕರ್ನಾಟಕದ ಬಯಲುಸೀಮೆಯ ಕೆಲವು ರೈತರು ನೆಟ್ಟು ನೋಡುತ್ತಿರುವ ಸೇಬಿನ ಸಸಿಗಳಲ್ಲಿ ಇದೂ ಇದೆ. ಬೇಸಿಗೆಯಲ್ಲೇ ಫಸಲು ಕೊಡುವ ಇಂತಹ ತಳಿ ಬೆಟ್ಟದ ಸೇಬಿನ ಬಣ್ಣಕ್ಕೂ ಬಾಳಿಕೆಗೂ ಸಾಟಿಯಾಗುವುದು ಕಷ್ಟವಾದರೂ, ಬೆಟ್ಟದ ಹಣ್ಣು ಮಾರುಕಟ್ಟೆಯಲ್ಲಿಲ್ಲದ ತಿಂಗಳುಗಳಲ್ಲಿ ಅದಕ್ಕೆ ತನ್ನದೇ ಜಾಗವಿದೆ.

ಹಳೆಯ ಕ್ರಮದಲ್ಲಿ ಬೀಜದಿಂದ ಎಬ್ಬಿಸಿದ ಸಸಿಯ ಬೇರಿನ ಮೇಲೆ ಕಸಿ ಕಟ್ಟಿದ ಮರ ಫಸಲಿಗೆ ಬರಲು ಏಳೆಂಟು ವರ್ಷ ತೆಗೆದುಕೊಂಡು, ಆಮೇಲೆ ಮೂರು ನಾಲ್ಕು ದಶಕ ಹಣ್ಣು ಕೊಡುತ್ತಿತ್ತು. ತಾತ ನೆಟ್ಟದ್ದನ್ನು ಮೊಮ್ಮಗ ಬಿಡಿಸುವುದು ಸಾಧ್ಯವಾದದ್ದು ತಾತನ ಕಾಲದ ಚಳಿ ಮೊಮ್ಮಗನ ಕಾಲಕ್ಕೂ ಉಳಿಯುತ್ತದೆ ಎಂಬ ನಂಬಿಕೆಯ ಮೇಲೆ. ಇಂಗ್ಲೆಂಡಿನ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡ ಎಂ-9, ಎಂಎಂ-106 ಮೊದಲಾದ, ಮರವನ್ನು ಗಿಡ್ಡವಾಗಿಡುವ ಬೇರುಗಳ ಮೇಲೆ ಕಸಿ ಮಾಡಿ ಒತ್ತಾಗಿ ನೆಡುವ ಹೊಸ ಪದ್ಧತಿಯಲ್ಲಿ ಎರಡು ಮೂರು ವರ್ಷಕ್ಕೇ ಹಣ್ಣು ಬರುತ್ತದೆ, ಏಣಿಯ ಹಂಗಿಲ್ಲದೆ ನೆಲದಲ್ಲಿ ನಿಂತೇ ಬಿಡಿಸಬಹುದು. ಆದರೆ ಇದಕ್ಕೆ ನೀರಾವರಿ, ಆಧಾರದ ಕಂಬ, ತಂತಿಗಳ ಖರ್ಚು ಹೆಚ್ಚು, ಮರದ ಆಯಸ್ಸು ಬಹಳ ಕಡಿಮೆ. ಅಲ್ಪಾಯುಷ್ಯವೆಂದು ಹಿಂದಿನವರು ದೂರುತ್ತಿದ್ದ ಈ ಗುಣವೇ ಚಳಿಯ ಗೆರೆ ಕದಲುತ್ತಿರುವ ಕಾಲದಲ್ಲಿ ಅನುಕೂಲವಾಗಿ ಪರಿಣಮಿಸಿದೆ. ಇಂದು ಆರಿಸಿದ ತಳಿ ಹದಿನೈದು ಇಪ್ಪತ್ತು ವರ್ಷಗಳ ಮೇಲೆ ಆ ಎತ್ತರಕ್ಕೆ ಒಗ್ಗದೆ ಹೋದರೂ ಬೆಳೆಗಾರನಿಗೆ ಬದಲಿಸಿ ನೆಡುವ ಇನ್ನೊಂದು ಅವಕಾಶ ತನ್ನ ಜೀವಮಾನದಲ್ಲಿಯೇ ದೊರೆಯುತ್ತದೆ.